ಒಡಲೇ ಬುತ್ತಿಯಾದ ಹಕ್ಕಿ

ದೂರದ ಪ್ರಯಾಣಕ್ಕೆ ಹೊರಡುವವರಿಗೆ ಬುತ್ತಿ ಕಟ್ಟಿಕೊಡುವುದು ನಮ್ಮ ಮನೆಗಳ ಹಳೆಯ ವಾಡಿಕೆ. ದಾರಿಯಲ್ಲಿ ಬಾವಿಯೋ ಮರದ ನೆರಳೋ ದೊರೆತಲ್ಲಿ ಅದನ್ನು ಬಿಚ್ಚಿ ಉಂಡು, ದಣಿವಾರಿಸಿಕೊಂಡು ಮುಂದೆ ಸಾಗುತ್ತಿದ್ದರು. ನೆರಳೂ ನೆಲವೂ ಇಲ್ಲದ ದಾರಿಯಲ್ಲಿ ಹತ್ತು ದಿನ ಹಗಲಿರುಳು ಸಾಗಬೇಕಾದ ಜೀವಿಯು ಬುತ್ತಿಯನ್ನು ಎಲ್ಲಿ ಕಟ್ಟಿಕೊಂಡೀತು? ತನ್ನ ಒಡಲಿನಲ್ಲಿಯೇ! ಪಟ್ಟೆಬಾಲದ ಗಾಡ್‌ವಿಟ್ ಎಂಬ ಕಡಲಂಚಿನ ಹಕ್ಕಿ ಅಂತಹದು.

ನೀಳವಾದ ಕಾಲುಗಳು, ತುಸು ಮೇಲಕ್ಕೆ ಬಾಗಿದ ಉದ್ದನೆಯ ಕೊಕ್ಕು. ಕಡಲು ಇಳಿದಾಗ ಕೆಸರಿನೊಳಗೆ ಕೊಕ್ಕನ್ನಿಳಿಸಿ ಹುಳುಗಳನ್ನೂ ಚಿಕ್ಕ ಚಿಪ್ಪುಜೀವಿಗಳನ್ನೂ ಹೆಕ್ಕಿ ತಿನ್ನುತ್ತದೆ. ಇದರ ಒಂದು ಪಂಗಡವು ಅಲಾಸ್ಕಾದ ಮರವಿಲ್ಲದ ಬಯಲಿನಲ್ಲಿ ಮರಿ ಮಾಡಿ, ಅಲ್ಲಿ ಚಳಿ ಹತ್ತಿರವಾದೊಡನೆ ನ್ಯೂಜಿಲೆಂಡ್ ಮತ್ತು ಪೂರ್ವ ಆಸ್ಟ್ರೇಲಿಯಗಳತ್ತ ಹೊರಡುತ್ತದೆ. ನ್ಯೂಜಿಲೆಂಡಿನ ಮಾವೊರಿ ಜನ ಇದನ್ನು ಕುವಾಕ ಎನ್ನುತ್ತಾರೆ.

ಹೊರಡುವ ಮುನ್ನ ಅದು ಹೊಟ್ಟೆತುಂಬ ತಿಂದು, ದೇಹತೂಕದ ಸರಿಸುಮಾರು ಅರ್ಧದಷ್ಟು ಕೊಬ್ಬನ್ನು ಕೂಡಿಸಿಕೊಳ್ಳುತ್ತದೆ. ಹಾರುವಾಗ ಬೇಡವಾದ ಜಠರ, ಕರುಳು, ಯಕೃತ್ತುಗಳು ಕುಗ್ಗಿ ಭಾರ ಇಳಿಯುತ್ತದೆ. ಕೊಬ್ಬು ಕರಗಿದಂತೆ ಶಕ್ತಿಯೊಡನೆ ನೀರೂ ಒದಗುತ್ತದೆ. ಕಡಲಿಗಿಳಿದು ಮೀನು ಹಿಡಿಯುವ ಹಕ್ಕಿ ಇದಲ್ಲ. ಆದ್ದರಿಂದ ದಡ ಸಿಗುವವರೆಗೆ ಇದಕ್ಕೆ ರೆಕ್ಕೆಯೊಂದೇ ಗತಿ.

2007ರಲ್ಲಿ ಉಪಗ್ರಹದ ಸಂಕೇತಸಾಧನವನ್ನು ಹೊತ್ತ ಹೆಣ್ಣು ಹಕ್ಕಿಯೊಂದು ಅಲಾಸ್ಕಾದಿಂದ ನ್ಯೂಜಿಲೆಂಡಿಗೆ 11,000 ಕಿ.ಮೀ.ಗೂ ಹೆಚ್ಚು ದೂರವನ್ನು ಸುಮಾರು ಎಂಟು ದಿನಗಳಲ್ಲಿ ಕ್ರಮಿಸಿತು. 2022ರ ಅಕ್ಟೋಬರಿನಲ್ಲಿ ಐದು ತಿಂಗಳ ಎಳೆಯ ಹಕ್ಕಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಕ್ಕೆ 13,560 ಕಿ.ಮೀ. ದೂರವನ್ನು 11 ದಿನಗಳಲ್ಲಿ, ಎಲ್ಲಿಯೂ ಇಳಿಯದೆ ಹಾರಿತು. ಹುಟ್ಟಿದ ವರ್ಷವೇ ಕೈಗೊಂಡ ಮೊದಲ ಯಾತ್ರೆ ಅದು!

ಮರಳುವಾಗ ಮಾತ್ರ ಕ್ರಮ ಬೇರೆ. ಮಾರ್ಚ್ ತಿಂಗಳಲ್ಲಿ ದಕ್ಷಿಣದಿಂದ ಹೊರಟ ಹಕ್ಕಿಗಳು ಸುಮಾರು 10,000 ಕಿ.ಮೀ. ಹಾರಿ, ಚೀನ ಮತ್ತು ಕೊರಿಯಗಳ ನಡುವಣ ಹಳದಿ ಸಮುದ್ರದ ಕೆಸರುಬಯಲಿಗೆ ಇಳಿಯುತ್ತವೆ. ಬರಿದಾದ ಬುತ್ತಿಯನ್ನು ಅಲ್ಲಿ ಮತ್ತೆ ತುಂಬಿಕೊಂಡ ಮೇಲೆಯೇ ಅಲಾಸ್ಕಾದ ದಾರಿ. ಹಿಮ ಪೂರ್ತಿ ಕರಗದ ಆ ನೆಲದಲ್ಲಿ ಗೂಡು ಕಟ್ಟಲು, ಮೊಟ್ಟೆಯಿಡಲು ಬೇಕಾದ ಕಸುವಿಗೂ ಈ ತಂಗುದಾಣವೇ ಆಧಾರ.

ಇಂತಹ ಬಯಲನ್ನು ಮನುಷ್ಯನು ಬರಿಯ ಕೆಸರೆಂದು ಎಣಿಸಿದನು. ದಕ್ಷಿಣ ಕೊರಿಯದ ಸೆಮಾಂಗಮ್‌ನಲ್ಲಿ 2006ರಲ್ಲಿ 33 ಕಿ.ಮೀ. ಉದ್ದದ ಒಡ್ಡು ಪೂರ್ಣಗೊಂಡು, ವಿಶಾಲವಾದ ಕೆಸರುಬಯಲಿಗೆ ಕಡಲಿನ ಏರಿಳಿತವು ತಪ್ಪಿಹೋಯಿತು. ಉಬ್ಬರವಿಳಿತವಿಲ್ಲದಲ್ಲಿ ಹುಳುಗಳಿಲ್ಲ, ಹುಳುಗಳಿಲ್ಲದಲ್ಲಿ ಹಕ್ಕಿಗೆ ಅನ್ನವಿಲ್ಲ. ತಡವಾಗಿಯಾದರೂ ವಿವೇಕ ಮೂಡಿದೆಯೆಂಬುದು ಸಮಾಧಾನ. ಚೀನವು 2018ರಲ್ಲಿ ವಾಣಿಜ್ಯಕ್ಕಾಗಿ ಕಡಲತೀರವನ್ನು ಮುಚ್ಚಿ ನೆಲ ಮಾಡುವುದನ್ನು ತಡೆಯಿತು. 2019ರಲ್ಲಿ ಚೀನದ, 2021ರಲ್ಲಿ ಕೊರಿಯದ ಕೆಲವು ಕೆಸರುಬಯಲುಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಹತ್ತು ದಿನಗಳ ಬುತ್ತಿಯನ್ನು ಈ ಹಕ್ಕಿ ತಾನೇ ಹೊತ್ತೀತು, ತಂಗುದಾಣವನ್ನು ಹೊತ್ತೊಯ್ಯಲಾರದು. ಅದನ್ನು ಉಳಿಸುವುದು ದಡದಲ್ಲಿರುವವರ ಹೊಣೆ. ಯಾರಿಗೂ ಬೇಡದ್ದೆಂದು ನಾವು ಮುಚ್ಚಲು ಹೊರಟ ಕೆರೆಯಂಗಳವೋ ಅಳಿವೆಯೋ ಯಾವ ಪಯಣಿಗನ ಊಟದೆಲೆಯೆಂಬುದನ್ನು ಮೊದಲು ವಿಚಾರಿಸಿ ನೋಡುವುದು ಒಳಿತು.