ಪತ್ರಿಕೆಯ ಅಂಕಿಅಂಶಕ್ಕೂ ಕಿರ್ದಿ ಇರಲಿ

ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿ 15ರಂದು ಚುನಾವಣಾ ಬಾಂಡ್ ಯೋಜನೆಯನ್ನು ರದ್ದುಪಡಿಸಿದ ತರುವಾಯ, ಚುನಾವಣಾ ಆಯೋಗವು ಮಾರ್ಚ್ 14ರಂದು ಎರಡು ಪಟ್ಟಿಗಳನ್ನು ಪ್ರಕಟಿಸಿತು. ಒಂದರಲ್ಲಿ ಬಾಂಡ್ ಕೊಂಡವರ ಹೆಸರು, ದಿನಾಂಕ ಮತ್ತು ಮೊತ್ತ. ಮತ್ತೊಂದರಲ್ಲಿ ನಗದೀಕರಿಸಿದ ಪಕ್ಷಗಳ ವಿವರ. ಇವೆರಡನ್ನೂ ಬೆಸೆಯುವ ಬಾಂಡ್ ಸಂಖ್ಯೆ ಮಾತ್ರ ಇರಲಿಲ್ಲ. ಅದು ಮಾರ್ಚ್ 21ರಂದು ಹೊರಬಿದ್ದ ಮೇಲಷ್ಟೇ ಯಾರ ಹಣ ಯಾವ ಪಕ್ಷಕ್ಕೆ ಸಂದಿತೆಂಬುದನ್ನು ಪತ್ರಕರ್ತರು ಖಚಿತವಾಗಿ ಹೇಳಲು ಸಾಧ್ಯವಾಯಿತು.

ಖರೀದಿ ಪುಸ್ತಕವನ್ನು ಪ್ರತಿ ತಿಂಗಳೂ ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವ ವರ್ತಕರಿಗೆ ಈ ಪಾಡು ಹೊಸದಲ್ಲ. ನೂರಾರು ಪುಟಗಳ ಇಂತಹ ಪಟ್ಟಿಗಳನ್ನು ಕೈಯಿಂದ ಹೋಲಿಸುವ ಬದಲು, ಆರ್ ಅಥವಾ ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂಗೆ ಒಪ್ಪಿಸುವ ಪದ್ಧತಿ ಸುದ್ದಿಮನೆಗಳಲ್ಲಿ ಬೆಳೆದಿದೆ. ಆರ್ ಎಂಬುದು 1990ರ ದಶಕದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ರೂಪಿಸಿದ ಸಂಖ್ಯಾಶಾಸ್ತ್ರೀಯ ಭಾಷೆ. ಅದಕ್ಕೆ ಬೆಲೆಯಿಲ್ಲ, ಲೈಸೆನ್ಸ್ ಶುಲ್ಕವಿಲ್ಲ. ಬಿಬಿಸಿಯ ದತ್ತಾಂಶ ತಂಡವು ತನ್ನ ನಕ್ಷೆಗಳನ್ನು ಆರ್‌ನಲ್ಲಿ ರಚಿಸುವ ವಿಧಾನವನ್ನು 2019ರಲ್ಲಿ ಎಲ್ಲರಿಗೂ ತೆರೆದಿಟ್ಟಿತು.

ವೇಗಕ್ಕಿಂತ ಮಿಗಿಲಾದ ಗುಣವೊಂದು ಇದರಲ್ಲಿದೆ. ಎಕ್ಸೆಲ್ ಹಾಳೆಯಲ್ಲಿ ಯಾರೋ ತಿದ್ದಿದ ಅಂಕಿ ಹಲವು ವೇಳೆ ಗುರುತೇ ಉಳಿಸುವುದಿಲ್ಲ. ಪ್ರೋಗ್ರಾಂನಲ್ಲಾದರೋ ಯಾವ ಸಾಲನ್ನು ಕೈಬಿಡಲಾಯಿತು, ಯಾವ ಎರಡು ಹೆಸರುಗಳನ್ನು ಒಂದೆಂದು ಎಣಿಸಲಾಯಿತು ಎಂಬುದೆಲ್ಲ ಕಿರ್ದಿಯಲ್ಲಿದ್ದಂತೆ ಕ್ರಮವಾಗಿ ದಾಖಲಾಗಿರುತ್ತದೆ. ಲೆಕ್ಕ ಪರಿಶೋಧಕನು ಮೊದಲಿನಿಂದ ನಡೆಸಿ ನೋಡಬಹುದು. ಈ ದಾಖಲೆಯನ್ನು ಪತ್ರಿಕೆಗಳು ತಮ್ಮಲ್ಲೇ ಇಟ್ಟುಕೊಂಡರೆ ಅರ್ಧ ಪ್ರಯೋಜನವೇ ನಷ್ಟ.

ಇದರಲ್ಲಿ ವ್ಯಾಪಾರಸ್ಥರ ಹಿತವೇ ಅಡಗಿದೆ. ಬಾಂಡ್ ಪಟ್ಟಿಯಲ್ಲಿ 'ಹಬ್ ಪವರ್ ಕಂಪನಿ' ಎಂಬ ಹೆಸರು ಕಂಡೊಡನೆ ಅದು ಪಾಕಿಸ್ತಾನದ ಸಂಸ್ಥೆಯೆಂಬ ಗುಲ್ಲೆದ್ದಿತು. ಅದೇ ಹೆಸರಿನ ಪಾಕಿಸ್ತಾನಿ ವಿದ್ಯುತ್ ಕಂಪನಿಯು ತನಗೂ ಇದಕ್ಕೂ ಸಂಬಂಧವಿಲ್ಲವೆಂದು ಸ್ಪಷ್ಟೀಕರಣ ನೀಡಬೇಕಾಯಿತು. ದೊಡ್ಡ ಸಂಸ್ಥೆ ಹೇಗೋ ತಡೆದುಕೊಂಡೀತು. ಆದರೆ 'ಶ್ರೀ ವೆಂಕಟೇಶ್ವರ ಟ್ರೇಡರ್ಸ್' ಎಂಬ ಫಲಕ ಎಷ್ಟು ಊರುಗಳಲ್ಲಿಲ್ಲ? ಹೆಸರನ್ನೇ ನಂಬಿ ತಾಳೆ ಹಾಕಿದ ಪ್ರೋಗ್ರಾಂ ಒಬ್ಬರ ಬಾಕಿಯನ್ನು ಮತ್ತೊಬ್ಬರ ತಲೆಗೆ ಕಟ್ಟಲು ಕ್ಷಣವೂ ಬೇಡ, ಯಂತ್ರಕ್ಕೆ ಸಂಕೋಚವೆಂಬುದಿಲ್ಲ.

ಆದುದರಿಂದ ಸಂಸ್ಥೆಗಳ ಹೆಸರೆತ್ತುವ ಅಂಕಿಅಂಶ ವರದಿಯೊಡನೆ ಅದರ ಪ್ರೋಗ್ರಾಂ ಮತ್ತು ಮೂಲ ದತ್ತಾಂಶವೂ ಪ್ರಕಟವಾಗಬೇಕೆಂದು ವಾಣಿಜ್ಯ ಸಂಸ್ಥೆಗಳು ಒತ್ತಾಯಿಸುವುದು ಯುಕ್ತ. ಸುದ್ದಿಮೂಲದ ಗೋಪ್ಯತೆ ಕಾಪಾಡಬೇಕಾದಲ್ಲಿ ವಿನಾಯಿತಿ ಇರಲಿ. ಸರ್ಕಾರವೇ ಪ್ರಕಟಿಸಿದ ಪಟ್ಟಿಯ ಲೆಕ್ಕಕ್ಕೆ ಯಾವ ಗುಟ್ಟು?

ಹಾಗೆ ಕೇಳುವವರ ಕೈಯೂ ಶುದ್ಧವಿರಬೇಕು. ಒಂದು ದಿನದ ಬಂದ್‌ನಿಂದ ಇಷ್ಟು ಕೋಟಿ ನಷ್ಟವೆಂದು ಉದ್ಯಮ ಸಂಘಟನೆಗಳು ಸಂಜೆಯೊಳಗೆ ಹೇಳಿಕೆ ಹೊರಡಿಸುವುದುಂಟು. ಆ ಮೊತ್ತವನ್ನು ಕೂಡಿಸಿದ ಬಗೆಯನ್ನು ಮೊದಲು ಪ್ರಕಟಿಸಬೇಕಾದವರು ಅವರೇ.