ಎರಕದ ತುಂಡಿಗೆ ನಂಬರು, ಬೀಜದ ಚೀಟಿ ತಿಪ್ಪೆಗೆ

ನಮ್ಮ ಅಕ್ಕನ ಮಗ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದಾನೆ. ಕಬ್ಬಿಣ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು, ಪಂಪು, ಟ್ರ್ಯಾಕ್ಟರುಗಳ ಭಾಗ ಮಾಡುವ ಕಾರ್ಖಾನೆ ಅದು. ಹೋದ ಬ್ಯಾಸಿಗೆಯಲ್ಲಿ ಅವನ ಮನೆಗೆ ಹೋದಾಗ ಒಂದಿನ ಒಳಗೆ ಕರಕೊಂಡು ಹೋಗಿ ತೋರಿಸಿದ. ಅಲ್ಲಿ ಕಂಡ ಒಂದು ಸಣ್ಣ ಸಂಗತಿ ತಲೆಯಲ್ಲಿ ಕೂತುಬಿಟ್ಟಿದೆ.

ತಣ್ಣಗಾದ ತುಂಡುಗಳ ಮೈಮೇಲೆ ಉಬ್ಬಿದ ಅಂಕಿಗಳಿದ್ದವು. "ಇದೇನೋ, ರೇಟೇನು?" ಅಂದೆ. ನಕ್ಕ. "ಅಲ್ರಿ ಮಾಮಾ, ಹೀಟ್ ನಂಬರ್" ಅಂದ. ಕುಲುಮೆಯಲ್ಲಿ ಒಂದು ಸಲ ಕರಗಿಸಿದ ಲೋಹಕ್ಕೆ ಒಂದು ನಂಬರು. ಅದರಿಂದ ಎಷ್ಟು ತುಂಡು ಎರೆದರೂ ಎಲ್ಲಕ್ಕೂ ಅದೇ. ಬಲು ಮುಖ್ಯವಾದ ಭಾಗವಾದರೆ ಅದರ ಜೋಡಿ ಒಂದೊಂದಕ್ಕೂ ಬೇರೆ ಸರತಿ ನಂಬರು. ಅಚ್ಚಿನ ಮರಳಿನಲ್ಲೇ ಅಂಕಿ ಒತ್ತಿರುತ್ತಾರೆ, ಎರಕದ ಮೇಲೆ ಅದು ಎದ್ದು ನಿಲ್ಲುತ್ತದೆ. ಅದೇ ಲೋಹದ ಒಂದು ಮಾದರಿ ತುಂಡನ್ನು ಪರೀಕ್ಷೆಗೆ ಕಳಿಸಿ, ಇಂಗಾಲ ಎಷ್ಟು, ಸಿಲಿಕಾನ್ ಎಷ್ಟು, ಗಡಸು ಎಷ್ಟು, ಎಲ್ಲ ಆ ನಂಬರಿನ ಮುಂದೆ ಬರೆದಿಡುತ್ತಾರೆ. ಆಮೇಲೆ ಮಾಲು ಉಜ್ಜುವಲ್ಲಿಗೆ, ಕೊರೆಯುವಲ್ಲಿಗೆ, ಎಲ್ಲಿಗೆ ಹೋದರೂ ಜೋಡಿ ಒಂದು ಕಾರ್ಡು ಹೋಗುತ್ತದೆ. ಯಾವ ದಿನ, ಯಾವ ಪಾಳಿ, ಯಾವ ಮಷೀನು ಎಂದು ಅದರಲ್ಲಿ ಬರೆಯುತ್ತಾರೆ.

ಇಷ್ಟೆಲ್ಲ ಯಾಕಪ್ಪಾ ಅಂದೆ. "ನಾಳೆ ಗಿರಾಕಿ ಕಡೆ ಒಂದು ತುಂಡು ಬಿರುಕು ಬಿಡ್ತಂದ್ರ ನಂಬರ್ ನೋಡತೀವ್ರಿ. ಅದೇ ಹೀಟಿನ ಬ್ಯಾರೆ ತುಂಡೂ ಬಿರುಕು ಬಿಟ್ಟಿದ್ರ ಲೋಹದ ಮ್ಯಾಲೆ ಸಂಶಯ. ಉಳದದ್ದೆಲ್ಲಾ ಚಲೋ ಇದ್ದು ಇದೊಂದ ಒಡದಿದ್ರ ಅಚ್ಚಿನ ತಪ್ಪೋ, ಕೂಡಿಸಿದವರ ತಪ್ಪೋ ನೋಡಬೇಕು. ನಂಬರ್ ಇಲ್ಲಂದ್ರ ಬರೇ ಜಗಳ."

ಬರೇ ಜಗಳ ಅಂದದ್ದಕ್ಕೆ ನನಗೆ 2021ರ ಹಿಂಗಾರಿ ನೆನಪಾಯಿತು. ಪೇಟೆಯ ಅಂಗಡಿಯಿಂದ 20 ಕೆಜಿಯ ನಾಲ್ಕು ಚೀಲ ಕಡ್ಲಿ ಬೀಜ ತಂದು ನಾಲ್ಕು ಎಕರೆ ಎರಿ ಹೊಲಕ್ಕೆ ಬಿತ್ತಿದೆ. ಅರ್ಧಕ್ಕರ್ಧ ಏಳಲಿಲ್ಲ. ಪ್ರಮಾಣಿತ ಕಡ್ಲಿ ಬೀಜ ನೂರಕ್ಕೆ 85 ಮೊಳೆಯಬೇಕೆಂದು ನಿಯಮ. ಅಂಗಡಿಯವ ಹೇಳಿದ, "ನೀವು ಆಳ ಬಿತ್ತೀರಿ, ಹಸಿ ಆರಿತ್ತು." ನಾನು ಬೀಜವೇ ಹುಳುಕು ಅಂದೆ. ಅದೇ ಕಂಪನಿಯ ಬೀಜ ನಮ್ಮೂರಲ್ಲಿ ಇನ್ನೂ ಮೂರು ಮಂದಿ ತಂದಿದ್ದರು. ಇಬ್ಬರದು ಚಲೋ ಎದ್ದಿತ್ತು, ಒಬ್ಬನದು ನನ್ನ ಹಾಗೇ. ಕೃಷಿ ಅಧಿಕಾರಿ ಹೊಲಕ್ಕೆ ಬಂದು ಕೇಳಿದ್ದು ಒಂದೇ ಮಾತು: ಲಾಟ್ ನಂಬರ್ ಎಷ್ಟು? ಚೀಲಕ್ಕೆ ಹೊಲಿದ ಚೀಟಿಯನ್ನು ಬದುವಿಗೆ ಹರಿದು ಒಗೆದಿದ್ದೆ, ಅದು ಕಸದ ಜೋಡಿ ತಿಪ್ಪೆ ಸೇರಿತ್ತು. ಬಿಲ್ಲಿನಲ್ಲಿ "ಕಡ್ಲಿ ಬೀಜ 4" ಅಂತಷ್ಟೇ ಇತ್ತು. ಉಳಿದ ಮೂವರೂ ಅಷ್ಟೇ ಶ್ಯಾಣ್ಯಾರು.

ಆ ಚೀಟಿಗಳಿದ್ದಿದ್ದರೆ ಮಾತು ಸೀದಾ ಇತ್ತು. ನನ್ನದೂ ಚಲೋ ಎದ್ದವರದೂ ಒಂದೇ ಲಾಟ್ ಆಗಿದ್ದರೆ ಮೊದಲು ನನ್ನ ಕೂರಿಗೆ, ನನ್ನ ಹೊಲದ ಹಸಿ ನೋಡಬೇಕಿತ್ತು, ನಾನು ಬಾಯಿ ಮುಚ್ಚಬೇಕಿತ್ತು. ಏಳದ ಇಬ್ಬರದೂ ಒಂದು ಲಾಟ್, ಎದ್ದವರದು ಇನ್ನೊಂದು ಆಗಿದ್ದರೆ ಅಂಗಡಿಯವ ಉತ್ತರ ಕೊಡಬೇಕಿತ್ತು. ಇವತ್ತಿಗೂ ನನಗೆ ತಪ್ಪು ಯಾರದಂತ ಗೊತ್ತಿಲ್ಲ.

ನಂಬರು ಅನ್ನೋದು ಬರೇ ಅಲಂಕಾರಕ್ಕಲ್ಲ. ಪ್ರಮಾಣಿತ ಬೀಜದ ಲಾಟ್ ನಂಬರಿನಲ್ಲಿ ನಾಲ್ಕು ಭಾಗ ಇರುತ್ತವೆ: ಕೊಯ್ಲಿನ ತಿಂಗಳು ಮತ್ತು ವರ್ಷ, ಬೆಳೆದ ಜಾಗ, ಸಂಸ್ಕರಣೆ ಮಾಡಿದ ಘಟಕ, ಕೊನೆಗೆ ಆ ಬೀಜದ ರಾಶಿಯ ಸಂಖ್ಯೆ. ಘಟಕದಲ್ಲಿ ಕೇರಿ, ತೂರಿ, ಔಷಧ ಹಚ್ಚಿ ಚೀಲಕ್ಕೆ ತುಂಬುವ ತನಕ ರಾಶಿ ರಾಶಿ ಕಲೆಯಬಾರದು. ಮೊಳಕೆ ಪರೀಕ್ಷೆಯೂ ಲಾಟಿನ ಲೆಕ್ಕದಲ್ಲೇ. ಫೌಂಡ್ರಿಯ ಹೀಟಿನ ಹಾಗೇ, ನೋಡ್ರಿ. ಅಧಿಸೂಚಿತ ತಳಿ ಮಾರುವವರು ಪ್ರತಿ ಲಾಟಿನ ಪೂರ್ಣ ದಾಖಲೆ ಮೂರು ವರ್ಷ ಇಟ್ಟಿರಬೇಕು, ಬೀಜದ ಮಾದರಿಯನ್ನು ಆ ಲಾಟ್ ಪೂರ್ತಿ ಮಾರಾಟವಾದ ಮೇಲೆ ಒಂದು ವರ್ಷದ ತನಕ ಇಡಬೇಕು ಎಂದು 1968ರ ಬೀಜ ನಿಯಮ ಹೇಳುತ್ತದೆ. ಮೇಲಿಂದ ಅಂಗಡಿ ತನಕ ಹಗ್ಗ ಬಂದಿದೆ. ಕೊನೆಯ ಗಂಟು ನಮ್ಮ ಕೈಯಲ್ಲಿ, ಅದನ್ನು ನಾವೇ ಬಿಚ್ಚಿ ಒಗೀತೀವಿ.

ರೈತರದೇ ತಪ್ಪು ಅಂತ ನಾನು ಬರೀತಾ ಇಲ್ಲ. ಬಿಲ್ಲು ಕೇಳಿದರೆ ಮುಖ ಗಂಟು ಹಾಕುವ ಅಂಗಡಿಗಳು ಎಷ್ಟಿಲ್ಲ? ಕೊಂಡವರಿಗೆಲ್ಲ ಬಿಲ್ಲು ಕೊಡಲೇಬೇಕೆಂದು 1983ರ ಬೀಜ ನಿಯಂತ್ರಣ ಆದೇಶದಲ್ಲಿದೆ. ಚೀಟಿಯಲ್ಲಿ ಇಂಗ್ಲಿಷು ಇರುವೆ ಸಾಲಿನಂತೆ ಇರುತ್ತದೆ, ಏಳನೇತ್ತೆ ಕಲಿತ ನನಗೆ ಅಂಕಿಯನ್ನಾದರೂ ಓದಲಿಕ್ಕೆ ಬರುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಸಾಥಿ ಎಂಬ ವ್ಯವಸ್ಥೆ ತಂದು ಚೀಟಿಗೆ ಕ್ಯೂಆರ್ ಕೋಡ್ ಹಚ್ಚಿಸಲು ಹೊರಟಿತು. ಒಳ್ಳೆಯದೇ. ಆದರೆ ಚೀಟಿಯೇ ತಿಪ್ಪೆಗೆ ಹೋದರೆ ಯಾವ ಮೊಬೈಲ್ ಏನು ಮಾಡೀತು?

ಬೀಜ ಉಳಿಸಿಟ್ಟುಕೊಳ್ಳದಿದ್ದರೆ ಕೇಸು ನಿಲ್ಲುವುದಿಲ್ಲ ಅಂತ ಹೆದರಿಸುವವರೂ ಇದ್ದಾರೆ. ಕೊಂಡ ಬೀಜವನ್ನೆಲ್ಲ ಬಿತ್ತಿಬಿಡುವ ರೈತ ಪರೀಕ್ಷೆಗೆ ಮಾದರಿ ಇಟ್ಟುಕೊಂಡಿರಬೇಕೆಂದು ನಿರೀಕ್ಷಿಸಲಾಗದು, ಅವನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಮಾದರಿ ಮಾರಿದವರ ಹತ್ತಿರ ಇರಬೇಕು. ಆದರೆ ಯಾವ ಲಾಟಿನ ಮಾದರಿ ತೋರಿಸ್ರಿ ಅಂತ ಕೇಳೋದು?

ಹೋದ ಹಿಂಗಾರಿಗೆ ನಾವು ಆರು ಮಂದಿ ಕೂಡಿ ಬೀಜಕ್ಕೆ ಹೋದೆವು. ಬಿಲ್ಲಿನ ಮೇಲೆ ಲಾಟ್ ನಂಬರ್ ಬರೀರಿ ಅಂದೆವು. ಮೊದಲಿನ ಅಂಗಡಿಯವ, "ಇಷ್ಟು ಮಂದಿಗೆ ಬರಕೋತ ಕುಂತ್ರ ದುಕಾನ ನಡಸೋದು ಯಾವಾಗ?" ಅಂದ. ಇಳಿದು ಬಂದೆವು. ಎರಡನೆಯವ ಗೊಣಗುತ್ತಲೇ ಬರೆದ. ಚೀಟಿಗೆ ಹಿಡಿದು ನೋಡಿದರೆ ಒಂದು ಬಿಲ್ಲಿನಲ್ಲಿ ಎರಡು ಅಂಕಿ ಹಿಂದುಮುಂದಾಗಿದ್ದವು. ತಿದ್ದಿಸಿ, ಸಹಿ ಹಾಕಿಸಿಕೊಂಡು ಬಂದೆವು. ಚೀಟಿಗಳು ಈಗ ಜಗಲಿ ಮನೆಯ ಮೊಳೆಗೆ, ರೇಷನ್ ಕಾರ್ಡಿನ ಚೀಲದ ಬಾಜೂಕ ತೂಗುತ್ತಿವೆ.