ಹಿಮದ ಪಂದ್ಯಗಳೂ ನೋಡುವವರ ಪಾಲೂ

ಕಾಶಿಯಲ್ಲಿ ಹಿಮ ಬೀಳುವುದಿಲ್ಲ, ಬೀಳುವುದು ಮಂಜು. ಪುಷ್ಯ ಮಾಸದಲ್ಲಿ ಗಂಗೆಯ ಆಚೆಯ ದಡವು ಹೊತ್ತೇರಿದ ಮೇಲೂ ಕಣ್ಣಿಗೆ ತೋರದು. ಹನುಮಾನ್ ಘಾಟ್, ಕೇದಾರ ಘಾಟ್‌ಗಳ ಬಳಿಯ ದಕ್ಷಿಣದವರ ಗಲ್ಲಿಗಳಲ್ಲಿ ಇಡ್ಲಿಯ ಹಬೆ ಎಲ್ಲಿ ಮುಗಿಯಿತು, ಮಂಜು ಎಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ಆ ಮಂಜು ತೆಳುವಾಗತೊಡಗಿದ್ದ 2026ರ ಫೆಬ್ರವರಿಯ ಒಂದು ಬೆಳಿಗ್ಗೆ, ಅಲ್ಲಿಯ ಒಂದು ಚಿಕ್ಕ ಉಪಾಹಾರಗೃಹದಲ್ಲಿ ನಾವು ಕಾಫಿಗೆ ಕಾದು ಕುಳಿತಿದ್ದೆವು. ತಿಂಡಿ ಸರಬರಾಜು ಮಾಡುವ ಕೊಡಗಿನ ಕಡೆಯ ಹುಡುಗನೊಬ್ಬನು ಮೊಬೈಲಿನಲ್ಲಿ ಇಟಲಿಯ ಚಳಿಗಾಲದ ಒಲಿಂಪಿಕ್ ಪಂದ್ಯಗಳನ್ನು ನೋಡುತ್ತಿದ್ದನು. ನಾವು ಪತ್ರಿಕೆಯವರೆಂದು ತಿಳಿದು, ಲೋಟವನ್ನು ಮುಂದಿಡುತ್ತ ಕೇಳಿದನು: “ಸ್ವಾಮೀ, ನಮ್ಮ ಭವಾನಿಯವರ ಪಂದ್ಯ ಯಾವತ್ತು?”

ಮಿಲಾನ್ ಮತ್ತು ಕೋರ್ಟಿನಾ ನಗರಗಳಲ್ಲಿ ಫೆಬ್ರವರಿ 6ರಿಂದ 22ರ ವರೆಗೆ ನಡೆದ ಆ ಪಂದ್ಯಗಳಿಗೆ ಭಾರತದಿಂದ ಹೋದವರು ಇಬ್ಬರೇ. ಕಾಶ್ಮೀರದ ಆರಿಫ್ ಖಾನ್ ಒಬ್ಬರು, ಲಡಾಖಿನ ಸ್ಟಾಂಜಿನ್ ಲುಂಡುಪ್ ಇನ್ನೊಬ್ಬರು. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ನೂರು ನಲವತ್ತು ಕೋಟಿ ಜನರ ದೇಶಕ್ಕೆ ಇಬ್ಬರು ಆಟಗಾರರು. ಉಳಿದ ನಾವೆಲ್ಲರೂ ನೋಡುವವರು. ನಾವು ನೋಡುವವರಾಗಿರುವುದು ಆಶ್ಚರ್ಯವಲ್ಲ. ಆಡಬಲ್ಲವರೂ ನಮ್ಮ ಸಾಲಿನಲ್ಲಿಯೇ ಕುಳಿತು ನೋಡಬೇಕಾಗುತ್ತದೆಂಬುದು ಮಾತ್ರ ವಿಚಾರಮಾಡತಕ್ಕ ಸಂಗತಿ.

ಭವಾನಿಯವರದು ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಮೈಲುಗಟ್ಟಲೆ ಓಡುವ ಕ್ರಾಸ್‌ಕಂಟ್ರಿ ಸ್ಕೀಯಿಂಗ್. ಉಸಿರು, ತೊಡೆ, ತೋಳು ಈ ಮೂರೂ ಸೋಲದವರಿಗೆ ಮಾತ್ರ ಒಲಿಯುವ ಆಟವಿದು. ಹಿಮವನ್ನೇ ಕಾಣದ ಕಾಫಿತೋಟಗಳ ನಾಡಿನಲ್ಲಿ ಹುಟ್ಟಿದ ಆಕೆ, ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕದ ಪರವಾಗಿ ಚಿನ್ನದ ಪದಕಗಳನ್ನು ಪಡೆದರು. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಐದು ಕಿಲೋಮೀಟರ್ ಓಟವನ್ನು 21 ನಿಮಿಷ 4.9 ಸೆಕೆಂಡುಗಳಲ್ಲಿ ಮುಗಿಸಿ ಕಂಚನ್ನು ಗೆದ್ದರು. ಚಿಲಿಗೆ ಏಕೆ ಹೋಗಬೇಕಾಯಿತೆಂದು ವಾಚಕರು ಕೇಳಬಹುದು. ನಮ್ಮಲ್ಲಿ ಮಳೆ ಸುರಿಯುವ ತಿಂಗಳುಗಳಲ್ಲಿ ಹಿಮವಿರುವುದು ಭೂಮಿಯ ಆ ಅರ್ಧದಲ್ಲಿ. ಅಂತರರಾಷ್ಟ್ರೀಯ ಸಂಸ್ಥೆ ಮನ್ನಿಸಿದ ಪಂದ್ಯಗಳಲ್ಲಿ ಓಡಿ ಅಂಕಗಳನ್ನು ಕೂಡಿಸಿದವರಿಗೇ ಒಲಿಂಪಿಕ್ಕಿನ ಬಾಗಿಲು ತೆರೆಯುವುದು. ಅಂಥ ಪಂದ್ಯಗಳು ಬಹುಮಟ್ಟಿಗೆ ಪರದೇಶಗಳಲ್ಲಿ ನಡೆಯುತ್ತವೆ. ವಿಮಾನದ ಚೀಟಿ, ವಸತಿ, ತರಬೇತುಗಾರನ ಸಂಬಳ, ಹಲಗೆಗೆ ಸವರುವ ಮೇಣ, ಎಲ್ಲಕ್ಕೂ ಮೊದಲು ಹಣ ಬೇಕು; ಅಂಕಗಳು ಆಮೇಲೆ.

ಈ ಕ್ರಮದ ಕ್ರೌರ್ಯವನ್ನು ಆರಿಫ್ ಖಾನರಷ್ಟು ಬಲ್ಲವರು ಕಡಮೆ. ಗುಲ್ಮಾರ್ಗಿನ ಇಳಿಜಾರಿನಲ್ಲಿ ನಾಲ್ಕನೆಯ ವಯಸ್ಸಿಗೇ ಹಲಗೆ ಹತ್ತಿದ ಈತನು 2018ರ ಪ್ಯೋಂಗ್‌ಚಾಂಗ್ ಒಲಿಂಪಿಕ್ಕಿಗೆ ಅರ್ಹತೆಯ ಪಂದ್ಯಗಳನ್ನಾಡಲು ಸಾರ್ವಜನಿಕರಲ್ಲಿ ಚಂದಾ ಬೇಡಿದನು. ಹಣ ಸಾಲದೆ ಹೋಯಿತು. ಆ ವರ್ಷ ಈತನೂ ನಮ್ಮ ನಿಮ್ಮಂತೆ ಪ್ರೇಕ್ಷಕನಾದನು. ಕಾಲು ಮುರಿದಿರಲಿಲ್ಲ, ವಯಸ್ಸು ಮೀರಿರಲಿಲ್ಲ. ಜೇಬು ಬರಿದಾಗಿತ್ತು, ಅಷ್ಟೇ. ಮುಂದೆ 2021ರಲ್ಲಿ ಈತನು ಸ್ಲಾಲಮ್ ಸ್ಪರ್ಧೆಗೆ ಅರ್ಹತೆ ಪಡೆದುದು ಎಲ್ಲಿ ಗೊತ್ತೇ? ದುಬಾಯಿಯಲ್ಲಿ! ನಮ್ಮ ಎಷ್ಟೋ ಮಂದಿ ಬಿಸಿಲಿನಲ್ಲಿ ಬೆವರು ಹರಿಸಿ ಊರಿಗೆ ಹಣ ಕಳಿಸುವ ಆ ಮರಳುಗಾಡಿನಲ್ಲಿ. ಅರ್ಹತೆ ಕೈಗೆ ಬಂದ ಮೇಲೆ, ಪಂದ್ಯಗಳು ವಾರಗಳಷ್ಟೇ ದೂರವಿರುವಾಗ, ಯುರೋಪಿನ ಶಿಬಿರಕ್ಕೆಂದು ಸರ್ಕಾರವು 17.46 ಲಕ್ಷ ರೂಪಾಯಿಗಳನ್ನು ಮಂಜೂರು ಮಾಡಿತು. 2022ರ ಬೀಜಿಂಗ್ ಪಂದ್ಯಗಳಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿ ಧ್ವಜ ಹಿಡಿದು ನಡೆದ ಈತನಿಗೆ ಜಯಂಟ್ ಸ್ಲಾಲಮಿನಲ್ಲಿ 45ನೆಯ ಸ್ಥಾನ ದೊರೆಯಿತು. ಮಂಜೂರಾದ ಹಣವನ್ನು ನಾವು ಹಳಿಯುತ್ತಿಲ್ಲ. ಆದರೆ ನದಿ ದಾಟಿದವನಿಗೆ ದೋಣಿ ಕಳುಹಿಸುವ ಈ ಪದ್ಧತಿಯನ್ನು ಏನೆಂದು ಕರೆಯಬೇಕು? ಕಾಶಿಯ ಅಂಬಿಗರನ್ನು ಕೇಳಿದರೆ ಅವರು ನಕ್ಕಾರು.

ಈ ಕಥೆ ಹೊಸದೂ ಅಲ್ಲ. ಪೋಲೆಂಡಿನಲ್ಲಿ ಹುಟ್ಟಿ ನಿರಾಶ್ರಿತರಾಗಿ ಬಂದು ಇಲ್ಲಿ ಬೆಳೆದ ಜೆರೆಮಿ ಬುಜಾಕೋವ್ಸ್ಕಿಯವರು 1964ರಲ್ಲಿ ಇನ್ಸ್‌ಬ್ರುಕ್ಕಿನಲ್ಲಿ ಭಾರತದ ಹೆಸರಿನಲ್ಲಿ ಮೊದಲು ಇಳಿದರು. ಅಂದಿನಿಂದ 2026ರ ವರೆಗೆ ಚಳಿಗಾಲದ ಒಲಿಂಪಿಕ್ಕಿನಲ್ಲಿ ನಮಗೆ ಒಂದು ಪದಕವೂ ಬಂದಿಲ್ಲ. ಮನಾಲಿಯ ಹತ್ತಿರ ವಶಿಷ್ಠ ಗ್ರಾಮದಲ್ಲಿ ಉಪಾಹಾರಗೃಹ ನಡೆಸುತ್ತಿದ್ದ ದಂಪತಿಗಳ ಮಗ ಶಿವ ಕೇಶವನ್, ಜಾರುಬಂಡಿಗೆ ಗಾಲಿ ಜೋಡಿಸಿ, ಲಾರಿಗಳೂ ಕುರಿಗಳೂ ಓಡಾಡುವ ಬೆಟ್ಟದ ರಸ್ತೆಗಳಲ್ಲಿ ಅಭ್ಯಾಸ ಮಾಡಿ 1998ರಿಂದ 2018ರ ವರೆಗೆ ಆರು ಒಲಿಂಪಿಕ್ಕುಗಳಲ್ಲಿ ಸ್ಪರ್ಧಿಸಿದರು. (ಹೋಟೆಲಿನವರ ಮಕ್ಕಳು ಹಟಕ್ಕೆ ಬಿದ್ದರೆ ಏನು ಮಾಡಬಲ್ಲರೆಂಬುದಕ್ಕೆ ಇದೂ ಒಂದು ಸಾಕ್ಷಿ.) 2014ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯೇ ಅಮಾನತಿನಲ್ಲಿದ್ದುದರಿಂದ, ಸೋಚಿಯ ಉದ್ಘಾಟನೆಯಲ್ಲಿ ನಮ್ಮವರು ಒಲಿಂಪಿಕ್ ಧ್ವಜದ ಅಡಿಯಲ್ಲಿ ನಡೆಯಬೇಕಾಯಿತು. ಅಮಾನತು ತೆರವಾದದ್ದು ಪಂದ್ಯಗಳ ನಡುವೆ. ಮೈದಾನದಲ್ಲಿ ನಿಂತ ಆಟಗಾರನು ತನ್ನ ದೇಶದ ಮಟ್ಟಿಗೆ ಪರಕೀಯನಂತೆ ನೋಡುತ್ತ ನಿಲ್ಲುವ ಪ್ರಸಂಗ ಅದು.

ಬಡದೇಶಕ್ಕೆ ಹಿಮದ ಆಟಗಳ ಶೋಕಿ ಏಕೆ ಎಂಬ ಆಕ್ಷೇಪವು ಉಂಟು. ಅದನ್ನು ನಾವು ತಳ್ಳಿಹಾಕುವುದಿಲ್ಲ. ಶಾಲೆಗೆ ಮಾಡು ಇಲ್ಲದ ಕಡೆ ಸ್ಕೀ ಹಲಗೆಗೆ ಹಣವೆಲ್ಲಿಯದು? ಆದರೆ ಹಿಮಾಲಯವನ್ನೇ ಉತ್ತರದ ಗೋಡೆಯಾಗಿ ಪಡೆದ ದೇಶಕ್ಕೆ ಹಿಮವು ಶೋಕಿಯಲ್ಲ. ಕಾಶ್ಮೀರ, ಲಡಾಖ್, ಹಿಮಾಚಲಗಳ ಜನರಿಗೆ ಅದು ನಮಗೆ ಕೆರೆಯ ಈಜು ಇದ್ದಂತೆ.

ಹೋಲಿಸಿ ನೋಡಲು ಇದೇ ಕಾಶಿಯಲ್ಲಿ ಬೇರೊಂದು ಆಟದ ಚರಿತ್ರೆ ಇದೆ. ಹಾಕಿಯ ಮೊಹಮ್ಮದ್ ಶಾಹಿದ್ ಈ ಊರಿನವರು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರ ಜೊತೆಗೆ ನಮ್ಮ ಕೊಡಗಿನ ಎಂ. ಎಂ. ಸೋಮಯ್ಯನವರೂ ಇದ್ದರು, ಕಾಶಿ ಕೊಡಗುಗಳು ಒಂದೇ ಮೈದಾನದಲ್ಲಿ ಓಡಿದ ದಿನಗಳವು. ಶಾಹಿದರಿಗೆ ರೈಲ್ವೆಯಲ್ಲಿ ಉದ್ಯೋಗವಿತ್ತು. 2016ರಲ್ಲಿ ಅವರು ತೀರಿಕೊಂಡರು. ಆ ಹೊತ್ತಿಗಾಗಲೇ ಇದೇ ಜಿಲ್ಲೆಯ ಲಲಿತ್ ಉಪಾಧ್ಯಾಯರು ಭಾರತ ತಂಡದಲ್ಲಿ ಆಡುತ್ತಿದ್ದರು. ಟೋಕಿಯೋ ಮತ್ತು ಪ್ಯಾರಿಸ್ ಒಲಿಂಪಿಕ್ಕುಗಳೆರಡರಲ್ಲೂ ಕಂಚು ಪಡೆದ ತಂಡದಲ್ಲಿ ಅವರಿದ್ದರು. ಒಬ್ಬರ ಹಿಂದೆ ಒಬ್ಬರು ಹೀಗೆ ಬರುವುದು ದೈವಯೋಗವಲ್ಲ. ಬಡಾವಣೆಯ ಬಯಲು, ಕಾಲೇಜಿನ ತಂಡ, ಇಲಾಖೆಯ ತಂಡ, ಕ್ರೀಡೆಯ ಮೀಸಲಿನ ನೌಕರಿ, ಸಂಬಳಸಹಿತ ರಜೆ: ಹಾಕಿಗೆ ಈ ಮೆಟ್ಟಿಲುಗಳಿದ್ದವು. ಗುಮಾಸ್ತೆಗಿರಿ ಮಾಡುವ ನಮ್ಮ ವಾಚಕರು ಅಂಥ ಆಟಗಾರರನ್ನು ಪಕ್ಕದ ಮೇಜಿನಲ್ಲಿ ಕಂಡಿದ್ದಾರೆ. ಹಾಜರಿಯ ವಿಷಯದಲ್ಲಿ ಗೊಣಗಿಯೂ ಇದ್ದಾರೆ. ಸೈನ್ಯದಲ್ಲಿ ಇಲ್ಲದ ಸ್ಕೀ ಪಟುವಿಗೆ, ಅದರಲ್ಲೂ ಹೆಣ್ಣುಮಗಳಿಗೆ, ಆ ಮೆಟ್ಟಿಲುಗಳೇ ಅಪರೂಪ.

ಇಲ್ಲಿಯ ತುಳಸಿ ಘಾಟಿನ ಗರಡಿಯು ಗೋಸ್ವಾಮಿ ತುಳಸೀದಾಸರ ಹೆಸರಿನದು. ಹೆಂಗಸರು ಅಲ್ಲಿ ಶತಮಾನಗಳ ಕಾಲ ಕುಸ್ತಿ ಆಡಿದ್ದಿಲ್ಲ. 2017ರಲ್ಲಿ ಅಲ್ಲಿಯ ಮಣ್ಣಿಗೆ ಹುಡುಗಿಯರು ಇಳಿದರು. ಅದಕ್ಕೆ ಲಕ್ಷಗಳು ಬೇಕಾಗಲಿಲ್ಲ. ಗರಡಿಯವರ ಮನಸ್ಸು ಬೇಕಾಯಿತು. ಹಿಮಕ್ಕೆ ಎರಡೂ ಬೇಕು.

ಕರ್ನಾಟಕ ಸರ್ಕಾರವು ಪದಕ ತಂದವರಿಗೆ ಹಾರ ಹಾಕುವುದನ್ನು ನಾವು ಸಂತೋಷದಿಂದಲೇ ನೋಡುತ್ತೇವೆ. ಆ ಹಾರದ ಜೊತೆ ಕೊಡುವ ಮೊತ್ತದಲ್ಲಿ ಒಂದು ಭಾಗವನ್ನು ಅರ್ಹತೆಯ ಪಂದ್ಯಗಳಿಗೆ ಹೊರಡುವವರ ಪ್ರಯಾಣಕ್ಕೆಂದು ಮೊದಲೇ ತೆಗೆದಿರಿಸಲಿ; ಲೆಕ್ಕ ಕೇಳಲಿ, ರಸೀದಿ ಕೇಳಲಿ, ಆದರೆ ಹಿಮ ಕರಗುವ ಮುನ್ನ ಕೊಡಲಿ. ಕೊಡಗಿನವರ ಸಂಘಗಳು ಊರೂರಿನಲ್ಲಿವೆ. ವಾರ್ಷಿಕೋತ್ಸವದ ಒಂದು ಊಟದ ಖರ್ಚಿನಲ್ಲಿ ಒಂದು ಜೊತೆ ಹಲಗೆ ಬಾರದೆ ಇರದು.

ಹುಡುಗನಿಗೆ ನಾವು ಇದ್ದುದನ್ನೇ ಹೇಳಿದೆವು: ಭವಾನಿಯವರು ಪಟ್ಟಿಯಲ್ಲಿಲ್ಲ. ಅವನು ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿಕೊಂಡು, “ಹಾಗಾದರೆ ಇನ್ನು ಯಾವಾಗ?” ಎಂದನು. 2030ರಲ್ಲಿ, ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿ ಎಂದೆವು. ಅವನು ಬೆರಳು ಮಡಿಚಿ ವರ್ಷಗಳನ್ನು ಎಣಿಸುತ್ತಿರುವಷ್ಟರಲ್ಲಿ ಒಳಗಿನಿಂದ ಎರಡು ಮಸಾಲೆ ದೋಸೆಗೆ ಕೂಗು ಬಂದಿತು.